ಹಣ ಕೊಟ್ಟು ಗಾಳ ಹಾಕುವ ಕೊಳ: ಮೀನಿಗಿಂತ ಮೊದಲು ನೀರಿನ ಆರೈಕೆ

ಮಂಡ್ಯ ಜಿಲ್ಲೆಗೆ ಗಾಳ ಹೊಸದಲ್ಲ. ನಾಲೆಯ ಏರಿಯ ಮೇಲೆ, ಕೆರೆಯ ತೂಬಿನ ಬಳಿ, ಶಿಂಷಾ ಹೊಳೆಯ ಮಡುಗಳಲ್ಲಿ ಬಿದಿರು ಕಡ್ಡಿಗೆ ದಾರ ಕಟ್ಟಿ, ಎರೆಹುಳು ಚುಚ್ಚಿ ಕುಳಿತುಕೊಳ್ಳುವವರು ಹಿಂದಿನಿಂದಲೂ ಇದ್ದಾರೆ. ಹೀಗೆ ಕುಳಿತುಕೊಳ್ಳುವುದಕ್ಕೆ ಪಟ್ಟಣದ ಜನ ಹಣ ಕೊಡಲು ಮುಂದೆ ಬರುತ್ತಿರುವುದು ಮಾತ್ರ ಹೊಸದು. ಕೋಲ್ಕತ್ತದ ಸುತ್ತಮುತ್ತ ಟಿಕೇಟು ಕೊಂಡು ಗಾಳ ಹಾಕುವ ಕೊಳಗಳು ಬಹಳ ಕಾಲದಿಂದ ಇವೆ. ಬೆಂಗಳೂರಿನ ಆಸುಪಾಸಿನಲ್ಲಿಯೂ ಅಂಥವು ಕಾಣಿಸಿಕೊಂಡಿವೆ. ಬೆಂಗಳೂರಿನಿಂದ ಮದ್ದೂರಿಗೆ ಸುಮಾರು 80 ಕಿ.ಮೀ., ಮಂಡ್ಯಕ್ಕೆ ಸುಮಾರು 100 ಕಿ.ಮೀ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯಲ್ಲಿ ವಾಹನಗಳು ಪಟ್ಟಣದೊಳಗೆ ಇಳಿಯದೆಯೇ ಮುಂದೆ ಸಾಗುತ್ತವೆ. ಮದ್ದೂರು ವಡೆಗೂ ನಿಲ್ಲದೆ ಹೋಗುವ ಜನರನ್ನು ಹಳ್ಳಿಯ ಕಡೆಗೆ ತಿರುಗಿಸಬೇಕಾದರೆ, ಅಲ್ಲಿ ಒಂದು ದಿನ ಕಳೆಯುವಂಥದ್ದೇನಾದರೂ ಇರಬೇಕು. ಅರ್ಧ ಎಕರೆ ಜೌಗು ಭೂಮಿ ಇರುವ ರೈತನಿಗೆ ಈ ಆಲೋಚನೆ ಬರುವುದು ಸಹಜ.

ಮೀನು ಸಾಕಿ ಮಾರುವ ಕೊಳಕ್ಕೂ ಗಾಳದ ಕೊಳಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ತಿಳಿದುಕೊಳ್ಳಬೇಕು. ಮೀನು ತಿನ್ನಬೇಕೆಂಬವನಿಗೆ ಅದು ಮಾರುಕಟ್ಟೆಯಲ್ಲಿ ಅಗ್ಗವಾಗಿಯೇ ಸಿಗುತ್ತದೆ. ಇಲ್ಲಿಗೆ ಬರುವವನು ಬೆಳಿಗ್ಗೆ ಆರು ಗಂಟೆಗೆ ಬಂದು, ಹೊಂಗೆಯ ನೆರಳಲ್ಲಿ ಕುಳಿತು, ಬೆಂಡು ಯಾವಾಗ ಅಲುಗುತ್ತದೆಯೋ ಎಂದು ಕಾಯುತ್ತಾನೆ. ಮಧ್ಯಾಹ್ನ ಮುದ್ದೆ ಊಟ ಮಾಡಿ, ಸಂಜೆ ಮನೆಗೆ ಹೋಗುತ್ತಾನೆ. ಅವನು ಹಣ ಕೊಡುವುದು ಇದಕ್ಕೆ. ಆದ್ದರಿಂದ ಇಲ್ಲಿ ಮೀನು ರೈತನ ಬಂಡವಾಳ, ಅದೇ ಮೀನು ಹತ್ತು ಸಲ ಗಾಳಕ್ಕೆ ಸಿಕ್ಕಿ ಹತ್ತು ಸಲ ಬದುಕಿ ಉಳಿಯಬೇಕು. ಇದು ಕೇಳಲು ಸುಲಭ, ಮಾಡಲು ಕಷ್ಟ. ಈ ಉದ್ಯಮ ಕೈಹಿಡಿಯುವುದೋ ಕೈಬಿಡುವುದೋ ಬಹುಮಟ್ಟಿಗೆ ಒಂದೇ ವಿಷಯವನ್ನು ಅವಲಂಬಿಸಿದೆ: ಬೆಳಗಿನ ಜಾವದಲ್ಲಿ ಕೊಳದ ನೀರಿನಲ್ಲಿ ಉಳಿದಿರುವ ಆಮ್ಲಜನಕ.

ಕಾವೇರಿಯ ಅನುಭವ

ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ಈ ಜಿಲ್ಲೆಗೆ ಅಪರಿಚಿತವಲ್ಲ. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಕಾವೇರಿಯ ಮಹಶೀರ್ ಮೀನಿಗಾಗಿ ದೇಶವಿದೇಶಗಳಿಂದ ಗಾಳಗಾರರು ಬರುತ್ತಿದ್ದರು. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. 1972ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಹಿಡಿದ ಮೀನನ್ನು ತೂಗಿ ಹೊಳೆಗೇ ಬಿಡುವ ನಿಯಮವನ್ನು ಬೆಳೆಸಿತು. ಕಾವೇರಿ ವನ್ಯಜೀವಿಧಾಮ 1987ರಲ್ಲಿ ಘೋಷಣೆಯಾಯಿತು. ಮುಂದೆ, 2010ರ ದಶಕದ ಆರಂಭದಲ್ಲಿ, ವನ್ಯಜೀವಿ ಕಾನೂನಿನ ಕಾರಣ ಹಿಂದಿನ ರೀತಿಯ ಗಾಳದ ಶಿಬಿರಗಳು ಅಲ್ಲಿ ನಿಂತುಹೋದವು. ಕಾವೇರಿಯ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ವಿನಾಶದ ಅಂಚಿನಲ್ಲಿರುವ ಪ್ರಭೇದಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಆ ಮೀನನ್ನು ಹೊಳೆಯಿಂದ ತಂದು ಕೊಳಕ್ಕೆ ಬಿಡುವ ಯೋಚನೆಯನ್ನು ಯಾರೂ ಮಾಡಬಾರದು.

ಗಾಳಗಾರರಿಗೆ ಹೊಳೆಯಲ್ಲಿ ಅಭ್ಯಾಸವಾದದ್ದು ಕೊಳದಲ್ಲಿ ಹಾಗೆಯೇ ನಡೆಯುವುದಿಲ್ಲ. ಬಂಡೆಗಳ ನಡುವೆ ನೊರೆಯಾಗಿ ಹರಿಯುವ ನೀರಿನಲ್ಲಿ ಆಮ್ಲಜನಕ ಹೇರಳ. ದಣಿದ ಮೀನು ಕೆಲಹೊತ್ತಿನಲ್ಲಿ ಚೇತರಿಸಿಕೊಳ್ಳುತ್ತದೆ. ನಿಂತ, ಹಸಿರುಗಟ್ಟಿದ, 30 ಡಿಗ್ರಿ ಬಿಸಿಯ ಕೊಳದ ನೀರಿಗೆ ಅದೇ ರೀತಿ ಬಿಟ್ಟ ಮೀನು ಎರಡು ದಿನಗಳ ನಂತರ ಹೊಟ್ಟೆ ಮೇಲಾಗಿ ತೇಲಬಹುದು. ಹಿಡಿದವನು ಅಷ್ಟರಲ್ಲಿ ಊರಿಗೆ ಹೋಗಿರುತ್ತಾನೆ, ನಷ್ಟ ಕೊಳದ ಒಡೆಯನ ಪಾಲಿಗೆ ಬರುತ್ತದೆ.

ಜಾಗ ಮತ್ತು ನೀರು

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬಸಿಗಾಲುವೆ ಸರಿಯಿಲ್ಲದೆ ಜೌಗು ಹಿಡಿದ ತಗ್ಗು ಭೂಮಿಗಳಿವೆ. ಕಬ್ಬೂ ಭತ್ತವೂ ಸರಿಯಾಗಿ ಬಾರದ ಇಂಥ ಕಡೆ ಕೊಳ ತೆಗೆಯುವುದು ಲಾಭಕರ. ಒಳ್ಳೆಯ ಗದ್ದೆಯನ್ನು ಅಗೆದು ಕೊಳ ಮಾಡುವುದು ಬುದ್ಧಿವಂತಿಕೆಯಲ್ಲ. ಮಳವಳ್ಳಿ ಕಡೆಯ ನಾಲೆಯ ಕೊನೆ ಭಾಗದ ರೈತರು ಇನ್ನೂ ಎಚ್ಚರಿಕೆಯಿಂದಿರಬೇಕು. ಅಲ್ಲಿ ಬೆಳೆಗೇ ನೀರು ತಲುಪುವುದು ಕಷ್ಟ. 2023ರಲ್ಲಿ ಕೃಷ್ಣರಾಜಸಾಗರ ತುಂಬದೆ ಹೋದಾಗ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ದನಗಳ ನೀರಿಗೇ ಪರದಾಡುವ ಬೇಸಿಗೆಯಲ್ಲಿ ಮೋಜಿನ ಕೊಳಕ್ಕೆ ಕೊಳವೆಬಾವಿ ಓಡಿಸಿದರೆ ಊರಿನಲ್ಲಿ ಜಗಳ ಖಂಡಿತ, ಮತ್ತು ಜಗಳ ಆಡುವವರದು ತಪ್ಪೆಂದು ಹೇಳಲಾಗದು.

20 ಗುಂಟೆಯ ಕೊಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ವಿಸ್ತೀರ್ಣ ಸುಮಾರು 2,000 ಚದರ ಮೀಟರು. ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ಆವಿಯಾಗುತ್ತದೆಂದು ಹಿಡಿದರೂ ದಿನಕ್ಕೆ 12,000 ಲೀಟರು ನೀರು ಹೋಗುತ್ತದೆ. ಫೆಬ್ರುವರಿಯಿಂದ ಮೇ ಕೊನೆಯವರೆಗೆ 120 ದಿನಗಳಲ್ಲಿ ನೀರಿನ ಮಟ್ಟ 72 ಸೆಂ.ಮೀ., ಅಂದರೆ ಎರಡೂಕಾಲು ಅಡಿಗೂ ಹೆಚ್ಚು ಇಳಿಯುತ್ತದೆ. ಇಂಗಿ ಹೋಗುವ ನೀರು ಇದಕ್ಕೆ ಸೇರಿಲ್ಲ. ಸರಾಸರಿ 4 ಅಡಿ ನೀರಿರುವ ಕೊಳದಲ್ಲಿ ಇದು ಅರ್ಧಕ್ಕಿಂತ ಹೆಚ್ಚಾಯಿತು. ಆದುದರಿಂದ ಒಂದು ಮೂಲೆಯಲ್ಲಾದರೂ 7 ಅಡಿ ಆಳ ಇರಬೇಕು. ನಾಲೆಯಲ್ಲಿ ಕಟ್ಟು ಪದ್ಧತಿಯಂತೆ ನೀರು ಬರುವುದರಿಂದ, ನೀರು ಬಂದಾಗ ತುಂಬಿಸಿಕೊಳ್ಳುವ ಏರ್ಪಾಡಿಗೆ ಮೊದಲೇ ಕಾವೇರಿ ನೀರಾವರಿ ನಿಗಮದ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಬೇಕು. ಫೆಬ್ರುವರಿ ಮುಗಿಯುವುದರೊಳಗೆ ಕೊಳದಲ್ಲಿರುವ ಮೀನಿನ ಒಟ್ಟು ತೂಕವನ್ನು ಅರ್ಧಕ್ಕೆ ಇಳಿಸಿ, ಉಳಿದುದನ್ನು ಮಾರಿಬಿಡುವುದು ಕ್ಷೇಮ.

ನೀರು ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಅಗತ್ಯ. ಇಲ್ಲದಿದ್ದರೆ ಕೊರವ ಮತ್ತಿತರ ಕಾಡುಮೀನು ಸೇರಿಕೊಂಡು ಮರಿಗಳನ್ನು ನುಂಗುತ್ತವೆ. ಮೇಲಿನ ಗದ್ದೆಯ ಬಸಿನೀರನ್ನು ಮಾತ್ರ ಯಾವ ಕಾರಣಕ್ಕೂ ಕೊಳಕ್ಕೆ ತಿರುಗಿಸಬಾರದು. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕ.

ಯಾವ ಮೀನು ಬಿಡಬೇಕು?

ಕಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನ ಮೀನುಗಳು. 1957ರಲ್ಲಿ ಒರಿಸ್ಸಾದಲ್ಲಿ ಹೀರಾಲಾಲ್ ಚೌಧುರಿಯವರು ಹಾರ್ಮೋನು ಚುಚ್ಚಿ ಮೊಟ್ಟೆ ಇಡಿಸುವ ವಿಧಾನದಲ್ಲಿ ಯಶಸ್ಸು ಕಂಡ ಮೇಲೆ ಇವುಗಳ ಮರಿ ದೇಶದ ಎಲ್ಲೆಡೆ ಸಿಗುವಂತಾಯಿತು. ಸಾಕಣೆ ಕೊಳದಲ್ಲಿ ಕಟ್ಲಾ ಬೇಗ ಬೆಳೆಯುವುದರಿಂದ ಅದಕ್ಕೆ ಹೆಚ್ಚು ಪಾಲು. ಗಾಳದ ಕೊಳದಲ್ಲಿ ಲೆಕ್ಕ ಬೇರೆ. ಕಟ್ಲಾ ಮೇಲ್ಪದರದಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು, ಹೊಸಬನ ಗಾಳಕ್ಕೆ ಬೀಳುವುದು ಅಪರೂಪ. ಸಾಮಾನ್ಯ ಗೆಂಡೆ ತಳದಲ್ಲಿ ಕೆದಕಿ ತಿನ್ನುತ್ತದೆ, ರಾಗಿ ಹಿಟ್ಟಿನ ಉಂಡೆಗೂ ಎರೆಹುಳುವಿಗೂ ಬೀಳುತ್ತದೆ. ರೋಹು ನಡುವಿನದು, ಸಿಕ್ಕಿದರೆ ಚೆನ್ನಾಗಿ ಎಳೆದಾಡುತ್ತದೆ. ಆದ್ದರಿಂದ ಸಾಮಾನ್ಯ ಗೆಂಡೆ ಅರ್ಧದಷ್ಟು, ರೋಹು ಮೂರರಲ್ಲಿ ಒಂದು ಪಾಲು, ಉಳಿದದ್ದು ಕಟ್ಲಾ ಎಂದಿಟ್ಟುಕೊಂಡರೆ ಸಾಕು. ನಾಲ್ಕಾರು ದೊಡ್ಡ ಕಟ್ಲಾ ಇದ್ದರೆ ಪಳಗಿದ ಗಾಳಗಾರರು ಅದರ ಸುದ್ದಿ ಕೇಳಿಯೇ ಮತ್ತೆ ಬರುತ್ತಾರೆ!

ಜಿಲೇಬಿ ಮೀನು ಎಲ್ಲದಕ್ಕೂ ಬಾಯಿ ಹಾಕುವುದರಿಂದ ಮಕ್ಕಳಿಗೆ ಸಂತೋಷ. ಆದರೆ ಅದು ಕೊಳದಲ್ಲೇ ಮರಿಹಾಕಿ ಒಂದೆರಡು ವರ್ಷಗಳಲ್ಲಿ ಬೆರಳುದ್ದದ ಮೀನಿನಿಂದ ಕೊಳವನ್ನು ತುಂಬಿಬಿಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆ ನಿಷೇಧಿತ, ಅದರ ಮಾತೇ ಬೇಡ.

ಸಾಕಣೆಗಾದರೆ 20 ಗುಂಟೆಗೆ ಬೆರಳುದ್ದದ 1,000 ಮರಿಗಳನ್ನು ಬಿಡುವುದು ವಾಡಿಕೆ. ಗಾಳದ ಕೊಳಕ್ಕೆ 300ರಿಂದ 500 ಗ್ರಾಂ ತೂಗುವ, ವರ್ಷ ತುಂಬಿದ ಮೀನುಗಳನ್ನು 600ಕ್ಕೆ ಮೀರದಂತೆ ಬಿಡಬೇಕು. ಮೀನು ಹೆಚ್ಚಿದ್ದರೆ ಹೆಚ್ಚು ಸಿಗುತ್ತದೆಂಬ ಲೆಕ್ಕಾಚಾರದಿಂದಲೇ ಅನೇಕ ಕೊಳಗಳು ಕೆಡುವುದು.

ಎರೆಯೇ ವಿಷವಾಗುವ ಬಗೆ

ಕೊಳದಲ್ಲಿ ಈಗ ಒಂದೊಂದು ಕಿಲೋ ತೂಗುವ 600 ಮೀನುಗಳಿವೆ ಎನ್ನೋಣ. ಒಟ್ಟು ತೂಕ 600 ಕಿ.ಗ್ರಾಂ. ಮೈತೂಕದ ಶೇಕಡ 2ರಂತೆ ದಿನಕ್ಕೆ 12 ಕಿ.ಗ್ರಾಂ. ಆಹಾರ ಹೆಚ್ಚೆಂದರೆ ಸಾಕು. ಭಾನುವಾರ 20 ಮಂದಿ ಬರುತ್ತಾರೆ. ಮೀನನ್ನು ತಮ್ಮ ಕಡೆ ಸೆಳೆಯಲು ಪ್ರತಿಯೊಬ್ಬನೂ ಕಡಲೆಕಾಯಿ ಹಿಂಡಿ, ತೌಡು, ರಾಗಿ ಹಿಟ್ಟು ಕಲಸಿದ ಮಿಶ್ರಣವನ್ನು ನೀರಿಗೆ ಎಸೆಯುತ್ತಾನೆ. ತಲೆಗೆ ಒಂದು ಕಿಲೋ ಒಣಹಿಟ್ಟು ಎಂದರೂ 20 ಕಿಲೋ ಆಯಿತು. ಒಡೆಯನು ಬೆಳಿಗ್ಗೆ ಎಂದಿನಂತೆ ಹಾಕಿದ 12 ಕಿಲೋ ಬೇರೆ.

ಕೊಳದ ಆಮ್ಲಜನಕದ ಲೆಕ್ಕವನ್ನು ಈಗ ನೋಡಬೇಕು. ಸರಾಸರಿ 4 ಅಡಿ ಆಳದ 20 ಗುಂಟೆ ಕೊಳದಲ್ಲಿ ಸುಮಾರು 24 ಲಕ್ಷ ಲೀಟರು ನೀರಿರುತ್ತದೆ. ಸಂಜೆ ಲೀಟರಿಗೆ 6 ಮಿಲಿಗ್ರಾಂ ಆಮ್ಲಜನಕ ಇದ್ದರೆ ಇಡೀ ಕೊಳದಲ್ಲಿರುವುದು 14 ಕಿಲೋ ಮಾತ್ರ. ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗಿಳಿದರೆ ಗೆಂಡೆ ಮೀನುಗಳು ಏದುಸಿರು ಬಿಡುತ್ತವೆ. ಆದ್ದರಿಂದ ರಾತ್ರಿ ಖರ್ಚಿಗೆ ಸಿಗುವುದು 7 ಕಿಲೋ. ಇದರಲ್ಲಿ ಮೀನಿನ ಉಸಿರಿಗೇ ಸುಮಾರು 2 ಕಿಲೋ ಬೇಕು. ಹಗಲಿನಲ್ಲಿ ಆಮ್ಲಜನಕ ಕೊಟ್ಟ ಹಸಿರು ಪಾಚಿಯೂ ರಾತ್ರಿ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಇನ್ನು ತಳ ಸೇರಿದ ಹಿಟ್ಟು ಒಂದು ಕಿಲೋ ಕೊಳೆಯಬೇಕಾದರೆ ಹೆಚ್ಚುಕಡಿಮೆ ಒಂದು ಕಿಲೋ ಆಮ್ಲಜನಕವನ್ನೇ ತಿನ್ನುತ್ತದೆ. ಒಂದೇ ರಾತ್ರಿಯಲ್ಲಿ ಅಷ್ಟೂ ಕೊಳೆಯುವುದಿಲ್ಲವೆಂಬುದು ನಿಜ. ಆದರೆ ಶನಿವಾರದ ಹಿಟ್ಟು, ಭಾನುವಾರದ ಹಿಟ್ಟು ಒಂದರ ಮೇಲೊಂದು ಸೇರಿದಾಗ ಲೆಕ್ಕ ತಪ್ಪುತ್ತದೆ.

ಇದರಲ್ಲಿ ಒಂದು ಮೋಸವಿದೆ. ಆಮ್ಲಜನಕ ಕಡಮೆಯಾದಾಗ ಮೀನು ಮೊದಲು ಮಾಡುವ ಕೆಲಸವೇ ಮೇವು ಬಿಡುವುದು. ಶ್ರಾವಣದ ಮೋಡದ ದಿನಗಳಲ್ಲಿ ಬಿಸಿಲಿಲ್ಲದೆ ಪಾಚಿ ಕೆಲಸ ಮಾಡುವುದಿಲ್ಲ. ನೀರಿನಲ್ಲಿ ಉಸಿರು ಕಡಮೆ, ಗಾಳಕ್ಕೆ ಒಂದೂ ಬೀಳುವುದಿಲ್ಲ. ಬಂದವರು ಬೇಸರಗೊಂಡು ಇನ್ನಷ್ಟು ಹಿಟ್ಟು ಎಸೆಯುತ್ತಾರೆ. ಒಡೆಯನೂ ಬಂದವರಿಗೆ ಬೇಸರವಾಗದಿರಲೆಂದು ಒಂದು ಬುಟ್ಟಿ ಹಿಂಡಿ ತಂದುಕೊಡುತ್ತಾನೆ. ತಿನ್ನುವವರಿಲ್ಲದ ಹಿಟ್ಟು ತಳದಲ್ಲಿ ಕುಳಿತು ರಾತ್ರಿಯಿಡೀ ಕೊಳೆಯುತ್ತದೆ. ಸೋಮವಾರ ಬೆಳಗಿನ ಜಾವ ಐದು ಗಂಟೆಗೆ ಹೋಗಿ ನೋಡಿದರೆ ಕೊಳದ ತುಂಬ ಮೀನಿನ ಬಾಯಿಗಳು. ದೊಡ್ಡ ಮೀನುಗಳೇ ಮೊದಲು ಸಾಯುತ್ತವೆ. ಎರಡು ವರ್ಷ ಸಾಕಿದ ಬಂಡವಾಳ ಒಂದು ಬೆಳಗಿನಲ್ಲಿ ಹೋಗುತ್ತದೆ. ಯಾರೋ ವಿಷ ಹಾಕಿದರೆಂದು ನೆರೆಯವನ ಮೇಲೆ ಸಂಶಯಪಡುವುದೂ ಉಂಟು.

ಆದ್ದರಿಂದ ಗಾಳಕ್ಕೆ ಮೀನು ಬೀಳದಿರುವುದನ್ನು ನೀರು ಕೆಟ್ಟಿರುವುದರ ಮೊದಲ ಸೂಚನೆಯೆಂದು ತಿಳಿಯಬೇಕು. ಆ ದಿನ ಎರೆ ಎಸೆಯುವುದನ್ನು ಪೂರ್ತಿ ನಿಲ್ಲಿಸಬೇಕು, ಬೇಕಾದರೆ ಬಂದವರ ಹಣವನ್ನು ಹಿಂದಿರುಗಿಸಬೇಕು. ಇತರ ದಿನಗಳಲ್ಲಿ ಹೊರಗಿನಿಂದ ತಂದ ಮಿಶ್ರಣಕ್ಕೆ ಅವಕಾಶ ಕೊಡದೆ, ಕೊಳದ ಒಡೆಯನೇ ತಲೆಗೆ 250 ಗ್ರಾಂನಂತೆ ಹಿಟ್ಟನ್ನು ಅಳೆದು ಕೊಡುವುದು ಉತ್ತಮ. ಜನ ಬರುವ ದಿನ ಬೇರೆ ಆಹಾರ ಹಾಕಬಾರದು. 20 ಗುಂಟೆ ಕೊಳದ ದಡ ಸುಮಾರು 190 ಮೀಟರು. ಒಂದು ಗಾಳಕ್ಕೆ 15 ಮೀಟರು ಬಿಟ್ಟರೆ 12 ಗಾಳಗಳಿಗೆ ಮಾತ್ರ ಸ್ಥಳ. ಇಪ್ಪತ್ತು ಮಂದಿಗೆ ಕೊಡುವುದೇ ತಪ್ಪು.

ಬೆಳಗಿನ ಜಾವದ ಪರೀಕ್ಷೆ

ಉಪಕರಣವಿಲ್ಲದೆಯೂ ನೀರನ್ನು ಪರೀಕ್ಷಿಸಬಹುದು. ಅಂಗೈಯನ್ನು ಮಡಿಸಿ ಮೊಣಕೈಯವರೆಗೆ ತೋಳನ್ನು ನೀರಿನಲ್ಲಿ ಇಳಿಸಿದಾಗ ಅಂಗೈ ಮಸುಕಾಗಿ ಕಂಡರೆ ಹಸಿರು ಹದವಾಗಿದೆ. ಅಷ್ಟಕ್ಕೆ ಮೊದಲೇ ಮರೆಯಾದರೆ ಪಾಚಿ ಅತಿಯಾಗಿದೆ. ಆಗ ಸಗಣಿ ಗೊಬ್ಬರ ಹಾಕುವುದನ್ನು ನಿಲ್ಲಿಸಬೇಕು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಅಗ್ಗವಾಗಿ ಸಿಗುವುದೆಂದು ಗಾಳದ ಕೊಳಕ್ಕೆ ಸುರಿಯುವುದು ಸರಿಯಲ್ಲ, ಅದೂ ಕೊಳೆಯುವ ವಸ್ತುವೇ.

ಜನ ಬಂದುಹೋದ ಮರುದಿನ ಬೆಳಗಿನ ಜಾವ ಐದಕ್ಕೆ ಕೊಳದ ಬಳಿ ಹೋಗಬೇಕು. ಬಾಯಿ ಮೇಲೆತ್ತಿದ ಮೀನುಗಳು ಚಪ್ಪಾಳೆ ತಟ್ಟಿದೊಡನೆ ಮುಳುಗಿದರೆ ಸ್ಥಿತಿ ಅಷ್ಟು ಕೆಟ್ಟಿಲ್ಲ. ತಟ್ಟಿದರೂ ಮುಳುಗದಿದ್ದರೆ ಕೂಡಲೇ ಪಂಪು ಹಾಕಿ ಕೊಳದ ನೀರನ್ನೇ ಮೇಲಕ್ಕೆ ಚಿಮ್ಮಿಸಿ ಮತ್ತೆ ಕೊಳಕ್ಕೆ ಬೀಳಿಸಬೇಕು. ಹೊಸ ನೀರು ಇದ್ದರೆ ಬಿಡಬೇಕು, ಬಿಸಿಲೇರುವವರೆಗೆ ನಿಲ್ಲಿಸಬಾರದು. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಮೆ ಇರುವುದರಿಂದ ಅದನ್ನು ಎತ್ತರದಿಂದ ಹಲಗೆಯ ಮೇಲೆ ಚೆಲ್ಲಿ ಬಿಡುವುದು ಒಳ್ಳೆಯದು. ರಾತ್ರಿ ವಿದ್ಯುತ್ತಿನ ನಂಬಿಕೆ ಇಲ್ಲದ ಕಡೆ ಒಂದು ಡೀಸೆಲ್ ಪಂಪು ಸಿದ್ಧವಿರಬೇಕು. ಇಷ್ಟು ಏರ್ಪಾಡು ಇಲ್ಲದವನು ಗಾಳದ ಕೊಳಕ್ಕೆ ಕೈಹಾಕದಿರುವುದೇ ಲೇಸು.

ಹಿಡಿದು ಬಿಡುವ ಕ್ರಮ

ಗಾಳಕ್ಕೆ ಸಿಕ್ಕ ಮೀನು ಒದ್ದಾಡಿದಷ್ಟೂ ಅದರ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ. ದಾರ ಗಟ್ಟಿಯಾಗಿದ್ದು ಬೇಗ ಎಳೆದುಕೊಳ್ಳುವಂತಿರಬೇಕು. ಕೊಕ್ಕೆಯ ಮರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ ಬಳಿಕವೇ ಒಳಗೆ ಬಿಡುವ ನಿಯಮ ಮಾಡಬೇಕು. ಮೀನನ್ನು ಗಂಟಿಲ್ಲದ ಬಲೆಯಲ್ಲಿ ಎತ್ತಿ, ಒದ್ದೆ ಗೋಣಿಯ ಮೇಲೆ ಇಟ್ಟು, ಒದ್ದೆ ಕೈಯಿಂದಲೇ ಮುಟ್ಟಬೇಕು. ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗಿ, ಅಲ್ಲಿ ಬೂಷ್ಟು ಹಿಡಿದು ಹುಣ್ಣಾಗುತ್ತದೆ. ಕಿವಿರಿಗೆ ಬೆರಳು ತೂರಿಸಿ ಎತ್ತುವುದು, ಬಿಸಿಮಣ್ಣಿನ ಮೇಲೆ ಹೊರಳಾಡಿಸುವುದು ಬೇಡ. ಈಗ ಪ್ರತಿಯೊಬ್ಬನಿಗೂ ಮೊಬೈಲಿನಲ್ಲಿ ಚಿತ್ರ ಬೇಕು, ಆ ಚಿತ್ರದ ಹೊತ್ತಿನಲ್ಲೇ ಹೆಚ್ಚು ಹಾನಿ. ನೋಡುವವನು ಒಂದು ಸಲ ಉಸಿರು ಬಿಗಿಹಿಡಿದಷ್ಟು ಹೊತ್ತಿನೊಳಗೆ ಮೀನು ಮರಳಿ ನೀರಿಗೆ ಹೋಗಬೇಕು. ಏಪ್ರಿಲ್ ಮೇ ತಿಂಗಳ ನಡುಹಗಲಿನಲ್ಲಿ, 11ರಿಂದ 4 ಗಂಟೆಯವರೆಗೆ ಗಾಳವನ್ನು ನಿಲ್ಲಿಸುವುದು ಮೀನಿಗೂ ಹಿತ, ಮನುಷ್ಯನಿಗೂ ಹಿತ.

ಒಮ್ಮೆ ಸಿಕ್ಕ ಮೀನು ಪಾಠ ಕಲಿಯುತ್ತದೆ ಎಂಬುದನ್ನೂ ತಿಳಿದಿರಬೇಕು. ನೆದರ್ಲೆಂಡಿನಲ್ಲಿ ಬ್ಯೂಕೆಮಾ ಎಂಬ ವಿಜ್ಞಾನಿ ಸಾಮಾನ್ಯ ಗೆಂಡೆಯ ಮೇಲೆ ನಡೆಸಿ 1970ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಒಂದೇ ಸಲ ಗಾಳಕ್ಕೆ ಸಿಕ್ಕ ಮೀನು ಆಮೇಲೆ ಬಹುಕಾಲ ಗಾಳದಿಂದ ತಪ್ಪಿಸಿಕೊಳ್ಳುವುದು ಕಂಡುಬಂದಿತು. ಕೊಳ ತೆರೆದ ಮೊದಲ ತಿಂಗಳು ಮೀನು ಸುರಿಮಳೆಯಂತೆ ಸಿಕ್ಕಿ, ಮೂರನೆಯ ತಿಂಗಳಿಗೆ ಏನೂ ಸಿಗದಿರುವುದಕ್ಕೆ ಇದೂ ಒಂದು ಕಾರಣ. ವಾರದಲ್ಲಿ ನಾಲ್ಕು ದಿನವಾದರೂ ಕೊಳಕ್ಕೆ ಬಿಡುವು ಕೊಟ್ಟು, ಎರಡು ತಿಂಗಳಿಗೊಮ್ಮೆ ಹಳೆಯವು ಕೆಲವನ್ನು ತೆಗೆದು ಹೊಸ ಮೀನು ಸೇರಿಸುತ್ತಿದ್ದರೆ ಬೆಂಡು ಅಲುಗುತ್ತಿರುತ್ತದೆ. ಹೊಸ ಮೀನನ್ನು ಲೀಟರಿಗೆ 20 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ಬಿಟ್ಟರೆ ಮೀನುಹೇನು ಮೊದಲಾದುವುಗಳ ಹಾವಳಿ ಕಡಮೆಯಾಗುತ್ತದೆ.

ಹಕ್ಕಿಗಳು ಮತ್ತು ನೈಲಾನ್ ದಾರ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿವರ್ಷ ಮರಿಮಾಡಲು ಬರುತ್ತವೆ. ಊರಿನವರು ತಲೆತಲಾಂತರದಿಂದ ಅವುಗಳನ್ನು ಮನೆಯ ಮರಗಳಲ್ಲೇ ಉಳಿಸಿಕೊಂಡು ಬಂದಿದ್ದಾರೆ. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಆ ಹಕ್ಕಿಗಳು ಸುತ್ತಲಿನ ಕೆರೆಕಟ್ಟೆಗಳಲ್ಲಿ ಮೇಯುವಾಗ ಗಾಳದ ಕೊಳಕ್ಕೂ ಇಳಿಯಬಹುದು. ಅರ್ಧ ಕಿಲೋಗಿಂತ ದೊಡ್ಡ ಮೀನಿದ್ದರೆ ನೀರುಕಾಗೆಯಿಂದ ನಷ್ಟ ಅಲ್ಪ. ಹಕ್ಕಿಗೆ ಕಲ್ಲು, ಪಟಾಕಿ ಬೇಡ. ಅವುಗಳಿಗೆ ನಿಜವಾದ ಅಪಾಯ ದಡದಲ್ಲಿ ಬಿಟ್ಟುಹೋದ ನೈಲಾನ್ ದಾರದ್ದು. ತುಂಡಾದ ದಾರ, ಕೊಕ್ಕೆ ಹಕ್ಕಿಯ ಕಾಲಿಗೋ ಕೊಕ್ಕಿಗೋ ಸುತ್ತಿಕೊಂಡರೆ ಅದು ಹಸಿದು ಸಾಯುತ್ತದೆ. ಮೇಯುವ ದನದ ಹೊಟ್ಟೆಗೂ ಅದು ಹೋಗಬಹುದು. ಸಂಜೆ ಪ್ರತಿಯೊಬ್ಬನೂ ತನ್ನ ಕೊಕ್ಕೆಗಳನ್ನು ಎಣಿಸಿ ತೋರಿಸಿ ಹೋಗುವಂತೆ ಮಾಡಬೇಕು.

ಅಪಘಾತ ಮತ್ತು ಹಣಕಾಸು

ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡವನ್ನು ಗಾಳಕ್ಕೆ ತೆರೆಯಬಾರದು. ಅದರ ಇಳಿಜಾರಿನಲ್ಲಿ ಜಾರಿದವನು, ಈಜು ಬಲ್ಲವನಾದರೂ, ಮೇಲೆ ಹತ್ತಲಾರ. ಮಣ್ಣಿನ ಕೊಳಕ್ಕೂ ಸುತ್ತ ಬೇಲಿ, ಒಂದೇ ಬಾಗಿಲು, ದಡದಲ್ಲಿ ಹಗ್ಗ ಮತ್ತು ಗಾಳಿ ತುಂಬಿದ ಟ್ಯೂಬು ಇರಲೇಬೇಕು. ಕುಡಿದು ಬಂದವರಿಗೆ ಬಾಗಿಲು ತೆರೆಯಬಾರದು.

ಹಣವನ್ನು ಎರಡು ಭಾಗವಾಗಿ ಪಡೆಯುವುದು ಸರಿ: ಒಂದು ಗಾಳಕ್ಕೆ ಒಂದು ದಿನದ ಶುಲ್ಕ, ಮನೆಗೆ ಒಯ್ಯುವ ಮೀನಿಗೆ ತೂಕದ ಮೇಲೆ ಬೇರೆ ಬೆಲೆ. ಸಿಕ್ಕಿದ್ದೆಲ್ಲ ಒಯ್ಯಬಹುದೆಂದು ಒಂದೇ ಶುಲ್ಕ ಇಟ್ಟರೆ ಪಳಗಿದ ಗಾಳಗಾರ ಒಂದೇ ದಿನದಲ್ಲಿ ಕೊಳವನ್ನು ಬರಿದು ಮಾಡುತ್ತಾನೆ. ಊಟ, ಎಳನೀರು, ಕಬ್ಬಿನ ಹಾಲು ಮನೆಯವರ ಕೈಯಿಂದಲೇ ಆದರೆ ಆ ಆದಾಯ ಶುಲ್ಕಕ್ಕೆ ಸಮನಾಗುವುದೂ ಉಂಟು. ಸಾರ್ವಜನಿಕ ಕೆರೆಯನ್ನು ಗುತ್ತಿಗೆಯಿಲ್ಲದೆ ಇದಕ್ಕೆ ಬಳಸುವಂತಿಲ್ಲ. ಸ್ವಂತ ಜಮೀನಿನಲ್ಲಾದರೂ ಗ್ರಾಮ ಪಂಚಾಯಿತಿಯಲ್ಲಿ ಮತ್ತು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ನೀರು ಮತ್ತು ಮಣ್ಣಿನ ಪರೀಕ್ಷೆಯ ಬಗ್ಗೆ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಬಹುದು. ಮೊದಲ ವರ್ಷ ಆರು ಗಾಳಗಳಿಂದ ಆರಂಭಿಸಿ, ಅಗಸ್ಟಿನ ಮೋಡದ ದಿನಗಳನ್ನೂ ಏಪ್ರಿಲಿನ ಬಿಸಿಲನ್ನೂ ಒಂದು ಸುತ್ತು ದಾಟಿದ ಮೇಲೆ ಹನ್ನೆರಡಕ್ಕೆ ಹೋಗಬಹುದು.